ಮಳೆ ಬಿಟ್ಟ ಮೊದಲ ದಿನವೇ ಕುದುರೆ ಓಡಿಸಬೇಡಿ

ಕೊಡಗಿನಲ್ಲಿ ತೋಟಕ್ಕೋ ಹೋಂಸ್ಟೇಗೋ ಕುದುರೆ ಸಾಕುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಹೋದ ವರ್ಷ ನನ್ನ ಕುದುರೆ ರಾಣಿ ಸಾವಿನ ಬಾಗಿಲಿಗೆ ಹೋಗಿ ಬಂದಳು. ಅರ್ಧ ಸ್ನಾಯು ಹಿಡಿಯುವ ಕಾಯಿಲೆಯಿಂದ, ಇನ್ನರ್ಧ ನಾನು ಮಾಡಿದ ಉಪಚಾರದಿಂದ.

ನಮ್ಮ ತೋಟ ಸುಂಟಿಕೊಪ್ಪದ ಹತ್ತಿರ. ಆ ಸಲ ಮಳೆ ಹಿಡಿದು 12 ದಿನ ರಾಣಿ ಲಾಯದಿಂದ ಹೊರಗೆ ಬಂದಿರಲಿಲ್ಲ. ಚಳಿಯಲ್ಲಿ ನಿಂತೇ ಇದ್ದಾಳಲ್ಲ, ಪಾಪ ಅಂತ ಓಟ್ಸ್, ಬೇಯಿಸಿದ ಹುರುಳಿ ಎಲ್ಲ ಎಂದಿನಷ್ಟೇ ಹಾಕಿದೆವು. ಕೈಲ್ ಮುಹೂರ್ತ ಹಬ್ಬ ಕಳೆದು ಚೆನ್ನಾಗಿ ಬಿಸಿಲು ಬಂತು. ಜೀನು ಬಿಗಿದು ನೇರವಾಗಿ ತೋಟದ ಮೇಲಿನ ಏರಿಗೆ ಓಡಿಸಿದೆ.

ಇಪ್ಪತ್ತು ನಿಮಿಷ ಆಗಿರಬೇಕು. ಹಿಂಗಾಲಿನ ಹೆಜ್ಜೆ ಚಿಕ್ಕದಾಯಿತು. ಸೋಮಾರಿತನ ಅಂದುಕೊಂಡು ಹಿಮ್ಮಡಿ ಒತ್ತಿದೆ. ಇನ್ನೂ ನಾಲ್ಕು ಹೆಜ್ಜೆ ಇಟ್ಟು ನಿಂತೇಬಿಟ್ಟಳು. ಮೈಯೆಲ್ಲ ಬೆವರು, ಹೊಳ್ಳೆ ಅರಳಿತ್ತು, ತೊಡೆ ನಡುಗುತ್ತಿತ್ತು. ಇಳಿದು ಸೊಂಟದ ಹಿಂದೆ ಕೈ ಇಟ್ಟರೆ ಮಾಂಸ ಮರದ ಹಲಗೆಯ ಹಾಗೆ ಗಟ್ಟಿ.

ನನಗೆ ಕುದುರೆ ಮಾರಿದವರಿಗೆ ಫೋನ್ ಮಾಡಿದೆ. "ಹೊಟ್ಟೆನೋವು ಮೇಡಂ. ನಿಲ್ಲೋಕೆ ಬಿಡಬೇಡಿ, ನಡೆಸ್ತಾ ಇರಿ, ನೋವಿನ ಮಾತ್ರೆ ಕೊಡಿ" ಅಂದರು. ನಂಬಿದೆ. ಲಗಾಮು ಹಿಡಿದು ಎಳೆದುಕೊಂಡೇ ಒಂದು ಕಿಲೋಮೀಟರ್ ಇಳಿಸಿದೆ. ಹಳೆಯದು ಉಳಿದಿದ್ದ ನೋವಿನ ಔಷಧಿಯನ್ನೂ ಕುಡಿಸಿದೆ. ಎರಡೂ ತಪ್ಪು.

ಲಾಯದಲ್ಲಿ ಮೂತ್ರ ಮಾಡಿದಳು. ರಾಣಿಯನ್ನು ನೋಡಿಕೊಳ್ಳುವ ಹುಡುಗ ಓಡಿ ಬಂದ. "ಅಕ್ಕಾ, ಬೆಲ್ಲದ ಕಾಫಿ ತರ ಇದೆ ನೋಡಿ" ಅಂದ. ಹೌದು, ಅದೇ ಬಣ್ಣ.

ಕುಶಾಲನಗರದ ಕಡೆಯಿಂದ ಪಶುವೈದ್ಯರು ಬರುವಾಗ ಸಂಜೆಯಾಗಿತ್ತು. ಸೊಂಟ ಮುಟ್ಟಿ, ಮೂತ್ರ ನೋಡಿದ ಕೂಡಲೇ ಹೇಳಿದರು: ಇದು ಹೊಟ್ಟೆನೋವಲ್ಲ, ಟೈಯಿಂಗ್ ಅಪ್. ಸ್ನಾಯು ಸೆಟೆದುಕೊಂಡು ಒಳಗೇ ಒಡೆಯುತ್ತದೆ. ಅದರಲ್ಲಿರುವ ಮಯೋಗ್ಲೋಬಿನ್ ಎಂಬ ಕೆಂಪು ವಸ್ತು ರಕ್ತಕ್ಕೆ ಸೇರಿ ಮೂತ್ರದಲ್ಲಿ ಕಂದಾಗಿ ಬರುತ್ತದೆ. ಬರುವ ದಾರಿಯಲ್ಲಿ ಕಿಡ್ನಿಯನ್ನು ಹಾಳು ಮಾಡುತ್ತದೆ. ಬೆವರಿ ನೀರು ಕಳೆದುಕೊಂಡ ಕುದುರೆಗೆ ನೋವಿನ ಔಷಧಿ ಕೊಟ್ಟರೆ ಅದೇ ಕಿಡ್ನಿಗೆ ಇನ್ನೊಂದು ಪೆಟ್ಟು. ನಡೆಸಿದ ಪ್ರತಿ ಹೆಜ್ಜೆಗೂ ಇನ್ನಷ್ಟು ಸ್ನಾಯು ಒಡೆದಿರುತ್ತದೆ. ಇದನ್ನು ಕೇಳುವಾಗ ನನಗೆ ಅಳು ತಡೆಯಲು ಆಗಲಿಲ್ಲ.

ರಾತ್ರಿಯಿಡೀ ಡ್ರಿಪ್. ಲಾಯದ ತೊಲೆಗೆ ಹಗ್ಗ ಕಟ್ಟಿ, ನಾನೂ ತೋಟದ ರೈಟರೂ ಒಂದೊಂದೇ ಬಾಟಲಿ ಬದಲಾಯಿಸುತ್ತಾ ಕೂತೆವು. ಲಾರಿಯಲ್ಲಿ ಮೈಸೂರಿಗೆ ಒಯ್ಯೋಣವೇ ಅಂತ ಕೇಳಿದೆ. ಡಾಕ್ಟರು ಬೇಡ ಅಂದರು. ತಿರುವಿನ ರಸ್ತೆಯಲ್ಲಿ ಬೀಳದ ಹಾಗೆ ನಿಲ್ಲಲು ಅದೇ ನೊಂದ ಸ್ನಾಯುಗಳು ದುಡಿಯಬೇಕಲ್ವಾ? ಬೆಳಗಿನ ಜಾವ ಮೂತ್ರದ ಬಣ್ಣ ಸ್ವಲ್ಪ ತಿಳಿಯಾಯಿತು.

ಹೊಟ್ಟೆನೋವಿಗೂ ಇದಕ್ಕೂ ವ್ಯತ್ಯಾಸ ತಿಳಿದುಕೊಳ್ಳಿ, ಮೊದಲು ಮೋಸ ಹೋಗುವುದು ಅಲ್ಲೇ. ಹೊಟ್ಟೆನೋವಿನ ಕುದುರೆ ನೆಲ ಕೆರೆಯುತ್ತದೆ, ಪಕ್ಕೆ ತಿರುಗಿ ನೋಡುತ್ತದೆ, ಮಲಗಿ ಹೊರಳುತ್ತದೆ. ಸ್ನಾಯು ಹಿಡಿದ ಕುದುರೆಯೂ ಬೆವರುತ್ತದೆ, ಏದುಸಿರು ಬಿಡುತ್ತದೆ, ಕೆಲವು ಸಲ ನೆಲವನ್ನೂ ಕೆರೆಯುತ್ತದೆ. ಆದರೆ ಹೆಚ್ಚಾಗಿ ನೆಟ್ಟ ಕಂಬದ ಹಾಗೆ ನಿಲ್ಲುತ್ತದೆ, ಹೆಜ್ಜೆ ಎತ್ತಲು ಒಪ್ಪುವುದಿಲ್ಲ. ಕೆಲಸ ಶುರುಮಾಡಿದ ಸ್ವಲ್ಪ ಹೊತ್ತಿಗೆ ಅಥವಾ ಕೆಲಸ ಮುಗಿದ ಮೇಲೆ ಹೀಗಾದರೆ ಸೊಂಟ, ತೊಡೆ ಒತ್ತಿ ನೋಡಿ. ದವಡೆಯ ಕೆಳಗೆ ನಾಡಿ ಸಿಗುತ್ತದೆ. ಸುಮ್ಮನೆ ನಿಂತ ದೊಡ್ಡ ಕುದುರೆಗೆ ನಿಮಿಷಕ್ಕೆ 28ರಿಂದ 44. ನಿಲ್ಲಿಸಿ ಎಷ್ಟು ಹೊತ್ತಾದರೂ ಅದು ಇಳಿಯದಿದ್ದರೆ ನೋವು ಜಾಸ್ತಿ ಇದೆ ಎಂದೇ ತಿಳಿಯಿರಿ.

ಅನುಮಾನ ಬಂದರೆ ಇದ್ದ ಜಾಗದಲ್ಲೇ ಇಳಿದುಬಿಡಿ. ನಡೆಸಬೇಡಿ. ಜೀನು ಬಿಚ್ಚಿ. ಬಿಸಿಲಿದ್ದರೆ ಅಲ್ಲೇ ನೆರಳು ಮಾಡಿ, ಚಳಿಯಿದ್ದರೆ ಸೊಂಟದ ಮೇಲೆ ಕಂಬಳಿ ಹೊದಿಸಿ. ಕುಡಿಯಲು ನೀರು ಇಡಿ. ಧಾನ್ಯ ಬೇಡ, ಹುಲ್ಲು ಸಾಕು. ಡಾಕ್ಟರಿಗೆ ಫೋನ್ ಮಾಡಿ, ಅವರು ಹೇಳದೆ ಯಾವ ಮಾತ್ರೆಯನ್ನೂ ಕೊಡಬೇಡಿ. ಮೂತ್ರದ ಫೋಟೋ ತೆಗೆದು ಕಳಿಸಿ, ಅದು ಬಹಳ ಸಹಾಯ ಆಗುತ್ತದೆ.

ಹಿಂದೆ ವಿದೇಶಗಳಲ್ಲಿ ಗಾಡಿ ಕುದುರೆಗಳಿಗೆ ಇದು ಬಂದರೆ ಸೋಮವಾರದ ಕಾಯಿಲೆ ಅನ್ನುತ್ತಿದ್ದರಂತೆ. ಭಾನುವಾರ ರಜೆ, ಮೇವು ಮಾತ್ರ ಪೂರ್ತಿ, ಸೋಮವಾರ ಬೆಳಿಗ್ಗೆ ನೊಗ. ನಮ್ಮ ಮಳೆಗಾಲ ಅಂದರೆ ವಾರಗಟ್ಟಲೆ ಉದ್ದದ ಭಾನುವಾರ. ಕೆಲವು ಕುದುರೆಗಳಿಗೆ ಇದು ಹುಟ್ಟಿನಿಂದಲೇ ಇರುವ ದೋಷ, ಎಷ್ಟು ಜೋಪಾನ ಮಾಡಿದರೂ ಮತ್ತೆ ಬರಬಹುದು. ಉಳಿದವಕ್ಕೆ ಕೆಲಸವಿಲ್ಲದ ದಿನ ಧಾನ್ಯ ಅರ್ಧಕ್ಕಿಂತ ಕಡಿಮೆ ಮಾಡಿದರೆ ಎಷ್ಟೋ ಅಪಾಯ ತಪ್ಪುತ್ತದೆ. ಮಳೆಯಲ್ಲೂ ದಿನಾ ಸ್ವಲ್ಪ ನಡೆಸಿ. ಹತ್ತುವ ದಿನ ಮೊದಲ 15 ನಿಮಿಷ ಬರೀ ನಡಿಗೆ.

ರಾಣಿಯ ರಕ್ತದಲ್ಲಿ, ಸ್ನಾಯು ಒಡೆದಾಗ ಸೋರಿ ಬರುವ ಸಿಕೆ ಎಂಬ ಅಂಶ ಕೆಲವು ನೂರು ಇರಬೇಕಾದದ್ದು ಹತ್ತಾರು ಸಾವಿರಕ್ಕೆ ಏರಿತ್ತು. ಅದು ಇಳಿದು ಸರಿಯಾಗುವ ತನಕ ಡಾಕ್ಟರು ಜೀನು ಹಾಕಲು ಬಿಡಲಿಲ್ಲ. ಈಗ ಕಾಫಿ ಕಣದ ಸುತ್ತ ದಿನಾ ಬೆಳಿಗ್ಗೆ ನಡೆಯುತ್ತಾಳೆ, ಮಳೆ ಇದ್ದರೆ ಕಂಬಳಿ ಹೊದ್ದು. ಆ ಏರಿಗೆ ಅವಳನ್ನು ಇನ್ನೂ ಕರೆದುಕೊಂಡು ಹೋಗಿಲ್ಲ.