ಕಬಿನಿಯ ನೆರೆ ಎಚ್ಚರಿಕೆ ಮತ್ತು ಪರಿಹಾರ ಸೇವೆ: ಹೊಳೆದಂಡೆಯ ಗಿರಾಕಿಯೊಬ್ಬನ ವಿಮರ್ಶೆ

ನಂಜನಗೂಡಿನಿಂದ ಕೆಳಗೆ, ಕಬಿನಿಯ ದಂಡೆಯಲ್ಲಿ ನಮಗೆ ಒಂದೂಕಾಲು ಎಕರೆ ಗದ್ದೆಯಿದೆ. 2018, 2019 ಮತ್ತು 2024ರಲ್ಲಿ ಹೊಳೆ ಅದರೊಳಕ್ಕೆ ಬಂದು ಹೋಗಿದೆ. ಹೀಗೆ ಮೂರು ಬಾರಿ, ಇಷ್ಟವಿಲ್ಲದಿದ್ದರೂ, ಸರ್ಕಾರದ ನೆರೆ ಸೇವೆಯ ಗಿರಾಕಿಯಾದ ಅನುಭವದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ಇದು ಒಂದೇ ಕಚೇರಿಯ ಸೇವೆಯಲ್ಲ. ನೀರಾವರಿ, ಕಂದಾಯ, ಕೃಷಿ ಇಲಾಖೆಗಳು, ನೆರೆಯ ಕೇರಳ ಮತ್ತು ಕೇಂದ್ರ ಸರ್ಕಾರ ಕೂಡಿ ನಡೆಸಬೇಕಾದದ್ದು.

ಎಚ್ಚರಿಕೆ ಕೊಡುವುದರಲ್ಲಿ ನಿಜಕ್ಕೂ ಸುಧಾರಣೆಯಾಗಿದೆ. ಬೀಚನಹಳ್ಳಿಯ ಕಬಿನಿ ಜಲಾಶಯಕ್ಕೆ ನೀರು ಬರುವುದು ಕೇರಳದ ವಯನಾಡಿನ ಮಳೆಯಿಂದ. ಅಲ್ಲಿನ ಬಾಣಾಸುರ ಸಾಗರ ಅಣೆಕಟ್ಟೆಯ ಗೇಟು ಎತ್ತಿದರೆ ಆ ನೀರೂ ಕೊನೆಗೆ ಇಲ್ಲಿಗೇ ಇಳಿಯುತ್ತದೆ. ಕಬಿನಿಯ ಸಂಗ್ರಹ 19.52 ಟಿಎಂಸಿ ಮಾತ್ರ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). ಸೆಕೆಂಡಿಗೆ 80 ಸಾವಿರ ಘನ ಅಡಿ ಒಳಹರಿವಿದ್ದರೆ ದಿನಕ್ಕೆ ಸುಮಾರು 6.9 ಟಿಎಂಸಿ ಸೇರುತ್ತದೆ. ಅಂದರೆ ಜಲಾಶಯ ಪೂರ್ತಿ ಬರಿದಾಗಿದ್ದರೂ ಮೂರೇ ದಿನದಲ್ಲಿ ತುಂಬೀತು. ಆದ್ದರಿಂದ ಮೇಲಿನವರು ಗೇಟು ಎತ್ತುವ ಮೊದಲೇ ಕೆಳಗಿನವರಿಗೆ ತಿಳಿಸುವುದು ಸೌಜನ್ಯದ ಮಾತಲ್ಲ, ಲೆಕ್ಕದ ಮಾತು. ಈಗ ಹೊರಹರಿವಿನ ಸುದ್ದಿ ಮೊಬೈಲಿಗೆ ಬರುತ್ತದೆ, ಪಂಚಾಯಿತಿಯ ವಾಹನ ಮೈಕಿನಲ್ಲಿ ಸಾರುತ್ತಾ ಹೋಗುತ್ತದೆ. 2024ರಲ್ಲಿ ಪಂಪ್‌ಸೆಟ್ ಬಿಚ್ಚಿ ದಡಕ್ಕೆ ತರಲು ನಮಗೆ ಒಂದು ಹಗಲು ಸಿಕ್ಕಿತು. 2018ರಲ್ಲಿ ಅದೂ ಸಿಕ್ಕಿರಲಿಲ್ಲ.

ಕೊರತೆಯಿರುವುದು ಎಚ್ಚರಿಕೆಯ ಭಾಷೆಯಲ್ಲಿ. ‘50 ಸಾವಿರ ಕ್ಯುಸೆಕ್’ (ಸೆಕೆಂಡಿಗೆ 50 ಸಾವಿರ ಘನ ಅಡಿ) ಎಂದು ಕೇಳಿದ ನಮ್ಮ ಅವ್ವ, “ಅಂದ್ರೆ ಹದಿನಾರು ಕಾಲು ಮಂಟಪ ಮುಳುಗ್ತದಾ, ಇಲ್ವಾ? ಅದನ್ನ ಹೇಳಪ್ಪ” ಎಂದರು. ನಂಜನಗೂಡಿನ ಸುತ್ತ ಹೊಳೆಯನ್ನು ಅಳೆಯುವುದೇ ಆ ಮಂಟಪದಿಂದ. ಮಂಟಪದ ಯಾವ ಮಟ್ಟಕ್ಕೆ ನೀರು ಬರುತ್ತದೆ, ಮಲ್ಲನ ಮೂಲೆಯ ಬಳಿ ಊಟಿ ರಸ್ತೆ ಯಾವಾಗ ಬಂದ್ ಆಗಬಹುದು ಎಂದು ಹೇಳಬಲ್ಲವರು ಇಲಾಖೆಯಲ್ಲಿಲ್ಲವೆಂದಲ್ಲ. ಅಂಕಿ ಒಬ್ಬರ ಕೈಯಲ್ಲಿ, ಊರಿನ ತಿಳಿವಳಿಕೆ ಇನ್ನೊಬ್ಬರ ಕೈಯಲ್ಲಿ ಉಳಿದಿದೆ, ಅಷ್ಟೇ.

ಅಣೆಕಟ್ಟೆಯವರ ಕಷ್ಟವನ್ನೂ ಹೇಳಬೇಕು. 2023ರಲ್ಲಿ ಬರ ಬಂದು ಕಾವೇರಿಯ ಕೆಆರ್‌ಎಸ್ ತುಂಬಲೇ ಇಲ್ಲ; 2025ರಲ್ಲಿ ಅದೇ ಕೆಆರ್‌ಎಸ್ ಜೂನ್‌ನಲ್ಲೇ ತುಂಬಿ, 30ರಂದು ಬಾಗಿನ ಅರ್ಪಿಸಲಾಯಿತು. ಇಂಥ ಮಳೆಗಾಲದಲ್ಲಿ ಜುಲೈನಲ್ಲಿ ಮುಂಚಿತವಾಗಿ ನೀರು ಬಿಟ್ಟು ಜಾಗ ಮಾಡಿಕೊಂಡ ಎಂಜಿನಿಯರನ್ನು, ಮುಂದೆ ಮಳೆ ಕೈಕೊಟ್ಟರೆ, ಜನವರಿಯಲ್ಲಿ ನಾವೇ ಬೈಯುತ್ತೇವೆ. ಕಬಿನಿ ಮತ್ತು ಕೆಆರ್‌ಎಸ್ ಎರಡೂ ಜಲಾಶಯಗಳಿಂದ ಒಟ್ಟಿಗೆ ನೀರು ಬಿಟ್ಟರೆ ಸಂಕಟಕ್ಕೆ ಸಿಗುವುದು ಆ ಎರಡು ಹೊಳೆಗಳು ಕೂಡುವ ತಿರುಮಕೂಡಲು.

ನೆರೆ ಸಂತ್ರಸ್ತರನ್ನು ಇರಿಸುವ ಕಾಳಜಿ ಕೇಂದ್ರದ ಬಗ್ಗೆ ದೂರಿಲ್ಲ. ಅನ್ನ, ಸಾರು ಬಿಸಿಯಾಗಿತ್ತು. ದನಗಳಿಗೆ ಮೇವಿನ ಏರ್ಪಾಡು ಮಾತ್ರ ಎರಡನೆಯ ದಿನ ಆಯಿತು.

ಸೇವೆ ಕುಂಟುವುದು ನೀರು ಇಳಿದ ಮೇಲೆ. ರಾಜ್ಯ ವಿಪತ್ತು ಪರಿಹಾರ ನಿಧಿಗೆ ಕೇಂದ್ರ ಶೇ 75, ರಾಜ್ಯ ಶೇ 25ರ ಪಾಲಿನಲ್ಲಿ ಹಣ ಹಾಕುತ್ತವೆ. 2022ರಿಂದ 2026ರವರೆಗಿನ ಮಾರ್ಗಸೂಚಿಯಂತೆ ಶೇ 33ಕ್ಕೆ ಕಡಿಮೆಯಿಲ್ಲದಷ್ಟು ಹಾನಿಯಾದ ನೀರಾವರಿ ಬೆಳೆಗೆ ಹೆಕ್ಟೇರಿಗೆ 17,000 ರೂಪಾಯಿ ಇತ್ತು. ನಮ್ಮ ಅರ್ಧ ಹೆಕ್ಟೇರಿಗೆ 8,500 ಆಗುತ್ತಿತ್ತು. ಉಳುಮೆಗೂ ನಾಟಿಯ ಕೂಲಿಗೂ ಸೇರಿ ಸಾಕಾಗದ ಮೊತ್ತ. ಗದ್ದೆಯಲ್ಲಿ ಮೂರು ಅಂಗುಲಕ್ಕಿಂತ ದಪ್ಪ ಹೂಳು ಕೂತಿದ್ದರೆ ಅದನ್ನು ತೆಗೆಸಲು ಅದೇ ಮಾರ್ಗಸೂಚಿಯಲ್ಲಿ ಹೆಕ್ಟೇರಿಗೆ 18,000 ರೂಪಾಯಿ ಬೇರೆಯೇ ಇತ್ತು. ಇದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತೇ ಇರಲಿಲ್ಲ. ಇಲಾಖೆಗಳ ಜಂಟಿ ಸಮೀಕ್ಷೆಗೆ ಬಂದವರು ಚಪ್ಪಲಿ ಕೆಸರಾಗದಂತೆ ಬದುವಿನ ಮೇಲೆಯೇ ನಿಂತು, ಅಲ್ಲೇ ಕಡ್ಡಿ ಚುಚ್ಚಿ, ಎರಡು ಅಂಗುಲವೆಂದು ಬರೆದುಕೊಂಡರು. ಹೊಳೆಯ ಕಡೆಯ ಪಾತಿಯಲ್ಲಿ ನನ್ನ ಮೊಣಕಾಲಿನವರೆಗೆ ಹೂಳಿತ್ತು. ಮರುಪರಿಶೀಲನೆಗೆ ಅರ್ಜಿ ಕೊಟ್ಟಾಗ ಒಂದು ಕಚೇರಿಯವರು ಇನ್ನೊಂದನ್ನು ತೋರಿಸಿದರು, ಆ ಕಚೇರಿಯವರು ಮತ್ತೆ ಮೊದಲಿನದನ್ನೇ ತೋರಿಸಿದರು. ಪಕ್ಕದ ಗದ್ದೆಯನ್ನು ಗುತ್ತಿಗೆಗೆ ಮಾಡಿದ್ದವನಿಗಂತೂ ಏನೂ ದಕ್ಕಲಿಲ್ಲ. ದುಡ್ಡು ಪಹಣಿಯಲ್ಲಿ ಹೆಸರಿದ್ದವರ ಖಾತೆಗೆ ಹೋಯಿತು.

ಹೊಳೆದಂಡೆಯ ಇತರ ರೈತರು ಇಷ್ಟು ಮಾಡಿಕೊಳ್ಳಬೇಕು. ಮಳೆಗಾಲಕ್ಕೆ ಮುಂಚೆಯೇ ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಯನ್ನೂ ಫ್ರೂಟ್ಸ್ (ಸರ್ಕಾರದ ರೈತರ ಮಾಹಿತಿ ತಂತ್ರಾಂಶ) ನೋಂದಣಿಯನ್ನೂ ಸರಿಯಿದೆಯೇ ಎಂದು ನೋಡಿಕೊಳ್ಳಿ. ನೀರು ಇಳಿದ ದಿನವೇ, ಉಳುವ ಮೊದಲು, ಗದ್ದೆಯ ನಾಲ್ಕೂ ಮೂಲೆಯಲ್ಲಿ ಅಡಿಪಟ್ಟಿ ನೆಟ್ಟು, ಅಂಗುಲದ ಗುರುತು ಕಾಣುವಂತೆ ಫೋಟೊ ತೆಗೆದಿಡಿ.