ಯೂರೋ 2024, ಕೋಪಾ ಅಮೆರಿಕ 2024: ಎರಡನ್ನೂ ನೋಡಿದವನ ಲೆಕ್ಕ

2024ರ ಬೇಸಿಗೆಯಲ್ಲಿ ಎರಡು ದೊಡ್ಡ ಫುಟ್‌ಬಾಲ್ ಟೂರ್ನಿಗಳು ಒಂದರ ಮೇಲೊಂದು ಬಿದ್ದವು. ಯುರೋಪಿನ ದೇಶಗಳ ಯೂರೋ ಜರ್ಮನಿಯಲ್ಲಿ ಜೂನ್ 14ಕ್ಕೆ ಶುರುವಾಯಿತು, ದಕ್ಷಿಣ ಅಮೆರಿಕದ ದೇಶಗಳ ಜೊತೆ ಅತಿಥಿ ತಂಡಗಳೂ ಆಡಿದ ಕೋಪಾ ಅಮೆರಿಕ ಅಮೆರಿಕದಲ್ಲಿ ಜೂನ್ 20ಕ್ಕೆ. ಎರಡರ ಫೈನಲ್ಲೂ ಜುಲೈ 14ಕ್ಕೇ. ನಾನಿರುವುದು ನ್ಯೂಜೆರ್ಸಿಯ ಎಡಿಸನ್‌ನಲ್ಲಿ, ತಂಗಿ ಮನೆ ಫ್ರಾಂಕ್‌ಫರ್ಟ್ ಹತ್ತಿರ. ಹಾಗಾಗಿ ಎರಡು ಕಡೆಯೂ ಸ್ಟೇಡಿಯಂನಲ್ಲಿ ಕೂತು ನೋಡುವ ಯೋಗ ಬಂತು. ಉಳಿದದ್ದನ್ನೆಲ್ಲ ಮನೆ ಟಿವಿಯಲ್ಲಿ, ಸುತ್ತಮುತ್ತಲ ಕೆಫೆಗಳಲ್ಲಿ, ಆಫೀಸಿನ ಕಾಲ್ ಮ್ಯೂಟ್ ಮಾಡಿಕೊಂಡು ನೋಡಿದ್ದು. ಯಾವುದು ಚೆನ್ನಾಗಿತ್ತು ಅಂತ ಕೇಳಿದವರಿಗೆಲ್ಲ ಯೂರೋ ಅಂತಲೇ ಹೇಳಿದ್ದೇನೆ. ಆಟ, ಮೈದಾನ, ರೆಫರಿ, ವ್ಯವಸ್ಥೆ, ಎಲ್ಲದರಲ್ಲೂ ಅದೇ ಮುಂದೆ. ಆದರೂ ಮನಸ್ಸಿಗೆ ಹತ್ತಿರವಾದದ್ದು ಕೋಪಾ. ಯಾಕೆ ಅಂತ ಹೇಳುತ್ತೇನೆ, ಮೊದಲು ಅದನ್ನು ಬೈಯುವುದು ಮುಗಿಸಿಬಿಡೋಣ.

ಮೈದಾನದಿಂದಲೇ ಶುರು ಮಾಡಬೇಕು. ಕೋಪಾ ನಡೆದ 14 ಸ್ಟೇಡಿಯಂಗಳಲ್ಲಿ ಹೆಚ್ಚಿನವು ಅಮೆರಿಕನ್ ಫುಟ್‌ಬಾಲ್‌ಗೆ ಕಟ್ಟಿದವು. ಆ ಆಟದ ಮೈದಾನ ಅಗಲದಲ್ಲಿ ಚಿಕ್ಕದು. ಅದಕ್ಕೆ ಹೊಂದಿಸಲು ಕೋಪಾದಲ್ಲಿ ಅಳತೆಯನ್ನೇ 100 ಮೀಟರ್ ಉದ್ದ, 64 ಮೀಟರ್ ಅಗಲಕ್ಕೆ ಇಳಿಸಿದ್ದರು. ಯೂರೋದಲ್ಲಿ ಇದ್ದದ್ದು ಎಂದಿನ 105 ಮತ್ತು 68. ಕೇಳುವುದಕ್ಕೆ ನಾಲ್ಕೈದು ಮೀಟರ್ ಅಷ್ಟೇ, ಆದರೆ ಗುಣಿಸಿ ನೋಡಿದರೆ ನೂರರಲ್ಲಿ ಹತ್ತು ಪಾಲು ಜಾಗವೇ ಇಲ್ಲ! ಅಂಚಿನಲ್ಲಿ ಆಡುವ ವಿಂಗರ್ ಓಡುವುದಕ್ಕೆ ಜಾಗ ಇಲ್ಲ, ಚೆಂಡು ಕಾಲಿಗೆ ಬರುವಷ್ಟರಲ್ಲಿ ಇಬ್ಬರು ಮೈಮೇಲೆ ಬಿದ್ದಿರುತ್ತಾರೆ. ಅಟ್ಲಾಂಟಾದಲ್ಲಂತೂ ಕೃತಕ ಹಾಸಿನ ಮೇಲೆ ಹುಲ್ಲಿನ ಸುರುಳಿ ಬಿಚ್ಚಿ ಹಾಸಿದ್ದರು. ಅಲ್ಲಿ ಮೊದಲ ಪಂದ್ಯದಲ್ಲಿ ಕೆನಡಾವನ್ನು 2-0ಯಿಂದ ಸೋಲಿಸಿದ ಮೇಲೂ ಅರ್ಜೆಂಟೀನಾದ ಕೋಚ್ ಸ್ಕಲೋನಿ, ಕೀಪರ್ ಎಮಿಲಿಯಾನೊ ಮಾರ್ಟಿನೆಜ್ ಇಬ್ಬರೂ ಪಿಚ್ ಬಗ್ಗೆ ಕಿಡಿಕಾರಿದರು. ಗೆದ್ದವರೇ ಬೈದರು ಅಂದರೆ ಸೋತವರ ನೆಪ ಅನ್ನುವಂತಿಲ್ಲ, ಅಲ್ವಾ? ಒಟ್ಟಿನಲ್ಲಿ ಬಾಡಿಗೆ ಛತ್ರದಲ್ಲಿ ನಡೆದ ಮದುವೆ ಅದು, ಒಲೆ ಎಲ್ಲಿದೆ ಅಂತ ಅಡುಗೆಯವರಿಗೇ ಗೊತ್ತಿಲ್ಲ.

ಫ್ರಾಂಕ್‌ಫರ್ಟ್ ಬೇರೆಯೇ. ಸ್ಟೇಡಿಯಂ ಇರುವುದು ಕಾಡಿನ ನಡುವೆ. ರೈಲು ಇಳಿದು ಮರಗಳ ಕೆಳಗೆ ನಡೆದುಕೊಂಡು ಹೋಗಬೇಕು. ಬೆಲ್ಜಿಯಂನವರು ಒಂದು ಕಡೆ ಹಾಡುತ್ತಾ, ಸ್ಲೊವಾಕಿಯಾದವರು ಇನ್ನೊಂದು ಕಡೆ ಕೂಗುತ್ತಾ, ಪೊಲೀಸರು ಸುಮ್ನೆ ನಿಂತು ನೋಡುತ್ತಾ. ಲೀಗ್ ಪಂದ್ಯಗಳ ಅತಿ ಕಡಿಮೆ ಟಿಕೆಟ್ 30 ಯೂರೋ, ಅದರ ಮೇಲಿನದು 60. ಮ್ಯಾಚ್ ಟಿಕೆಟ್ ಇದ್ದವರಿಗೆ ಆ ಊರಿನ ಬಸ್ಸು, ರೈಲು 36 ಗಂಟೆ ಉಚಿತ. ಮ್ಯಾಚ್ ಇಲ್ಲದ ದಿನ ಮೈನ್ ನದಿಯ ದಂಡೆಗೆ ಹೋದರೆ ಅಲ್ಲೇ ಫ್ಯಾನ್ ಝೋನ್, ನೀರಿನ ಮೇಲೇ ದೊಡ್ಡ ಪರದೆ. ಫುಟ್‌ಬಾಲ್ ಅಂದರೆ ಏನೂ ಗೊತ್ತಿಲ್ಲದ ನನ್ನ ಭಾವನವರು ಕೂಡ ಸಂಜೆಯಾದರೆ ಅಲ್ಲಿಗೇ ಹೋಗೋಣ ಅನ್ನುತ್ತಿದ್ದರು.

ಜರ್ಮನಿ ಅಂದರೆ ಎಲ್ಲ ಗಡಿಯಾರದ ಹಾಗೆ ನಡೆಯುತ್ತದೆ ಅಂದುಕೊಂಡು ಹೋದವರಿಗೆ ಮಾತ್ರ ರೈಲುಗಳು ಚೆನ್ನಾಗಿ ಪಾಠ ಕಲಿಸಿದವು. ಗೆಲ್ಸೆನ್‌ಕಿರ್ಖೆನ್‌ನಲ್ಲಿ ಇಂಗ್ಲೆಂಡ್-ಸರ್ಬಿಯಾ ಪಂದ್ಯಕ್ಕೆ ಬಂದವರು ವಾಪಸ್ ಹೋಗಲು ಪರದಾಡಿದರು. ಸೆಮಿಫೈನಲ್‌ಗೆ ಹೊರಟ ನೆದರ್ಲೆಂಡ್ಸ್ ತಂಡದ ರೈಲೇ ರದ್ದಾಗಿ ಅವರು ವಿಮಾನದಲ್ಲಿ ಹೋಗಬೇಕಾಯಿತು.

ಇತ್ತ ಕೋಪಾದ ಟಿಕೆಟ್ಟಿಗೆ ಗಂಟೆಗೊಂದು ದರ. ಬೇಡಿಕೆ ನೋಡಿಕೊಂಡು ಬೆಲೆ ಏರುವ ಪದ್ಧತಿ, ಮೆಸ್ಸಿ ಇದ್ದಾನೆ ಅಂದರೆ ಕೇಳುವುದೇ ಬೇಡ. ಬೇರೆ ಎಷ್ಟೋ ಪಂದ್ಯಗಳಲ್ಲಿ ಖಾಲಿ ಕುರ್ಚಿಗಳು ಟಿವಿಯಲ್ಲೇ ಕಾಣುತ್ತಿದ್ದವು. ಅರವತ್ತು ಎಪ್ಪತ್ತು ಸಾವಿರ ಜನ ಕೂರುವ ಜಾಗದಲ್ಲಿ ಪಂದ್ಯ ಇಟ್ಟು, ಆ ಬೆಲೆ ಹೇಳಿದರೆ ಯಾರು ಬರುತ್ತಾರೆ? ಸೆಕೆ ಬೇರೆ. ಕಾನ್ಸಸ್ ಸಿಟಿಯಲ್ಲಿ ಕೆನಡಾ-ಪೆರು ಪಂದ್ಯವನ್ನು ಸಂಜೆ 5ಕ್ಕೆ ಶುರು ಮಾಡಿದರು, ಗ್ವಾಟೆಮಾಲಾದ ಲೈನ್ಸ್‌ಮನ್ ಬಿಸಿಲಿಗೆ ಕುಸಿದು ಬಿದ್ದರು.

ರೆಫರಿ ವಿಷಯಕ್ಕೆ ಬಂದರೆ ಯೂರೋದ ಒಂದು ಚಿಕ್ಕ ನಿಯಮ ನನಗೆ ತುಂಬ ಹಿಡಿಸಿತು. ನಾಯಕ ಒಬ್ಬನೇ ರೆಫರಿ ಹತ್ತಿರ ಹೋಗಿ ಮಾತಾಡಬಹುದು, ಬೇರೆಯವರು ಸುತ್ತುವರಿದರೆ ಹಳದಿ ಕಾರ್ಡ್. ಅಷ್ಟೇ. ಆದರೆ ಅಷ್ಟರಿಂದಲೇ ಗಲಾಟೆ ಅರ್ಧ ಕಡಿಮೆಯಾಯಿತು. ಚೆಂಡಿಗೆ ಏನಾದರೂ ತಗುಲಿದರೆ ಹಿಡಿಯುವ ಸೆನ್ಸರ್ ಬೇರೆ ಅದರೊಳಗೆ ಇತ್ತು. ಜೂನ್ 17ಕ್ಕೆ ನಾವು ನೋಡಿದ ಪಂದ್ಯದಲ್ಲಿ ಸ್ಲೊವಾಕಿಯಾ 7ನೇ ನಿಮಿಷದಲ್ಲೇ ಗೋಲು ಹೊಡೆದು ಆಮೇಲೆ ಗೋಡೆ ಕಟ್ಟಿ ನಿಂತಿತು. ಬೆಲ್ಜಿಯಂನ ಲುಕಾಕು ಎರಡು ಸಲ ಚೆಂಡನ್ನು ಬಲೆಗೆ ಹಾಕಿದ, ಎರಡೂ ರದ್ದು. ಮೊದಲನೆಯದು ಆಫ್‌ಸೈಡ್. ಎರಡನೆಯದರಲ್ಲಿ ಪಾಸ್ ಕೊಟ್ಟ ಒಪೆಂಡಾನ ಕೈಗೆ ಚೆಂಡು ಸವರಿತ್ತಂತೆ, ಸ್ಟೇಡಿಯಂನಲ್ಲಿ ಕೂತ ನಮಗೆ ಏನೂ ಕಾಣಲಿಲ್ಲ. ಮನೆಗೆ ಬಂದು ರಿಪ್ಲೇ ನೋಡಿದರೆ ಗ್ರಾಫಿನ ಗೆರೆ ಟಣ್ ಅಂತ ಮೇಲೆದ್ದಿದೆ. ಕ್ರಿಕೆಟ್‌ನಲ್ಲಿ ಬ್ಯಾಟಿನ ಅಂಚು ಹಿಡಿಯುವ ಅಲ್ಟ್ರಾಎಡ್ಜ್ ನೋಡಿ ಬೆಳೆದ ನಮಗೆ ಅದು ಅರ್ಥ ಮಾಡಿಕೊಳ್ಳಲು ಯಾರ ಸಹಾಯವೂ ಬೇಕಾಗಲಿಲ್ಲ. ಪಕ್ಕದಲ್ಲಿದ್ದ ಬೆಲ್ಜಿಯಂ ಅಭಿಮಾನಿ ಮಾತ್ರ ಒಪ್ಪುವ ಸ್ಥಿತಿಯಲ್ಲಿ ಇರಲಿಲ್ಲ.

(ಕ್ರಿಕೆಟ್ ಅಂದಾಗ ನೆನಪಾಯಿತು. ಅದೇ ಜೂನ್‌ನಲ್ಲಿ ಟಿ20 ವಿಶ್ವಕಪ್ ಕೂಡ ಒಂದಷ್ಟು ಅಮೆರಿಕದಲ್ಲೇ ನಡೆಯಿತು. ಜೂನ್ 29ಕ್ಕೆ ಬಾರ್ಬಡೋಸ್‌ನಲ್ಲಿ ಭಾರತ 7 ರನ್‌ಗಳಿಂದ ಗೆದ್ದು, ಯಾವತ್ತೂ ಕೂಗಾಡದ ನಮ್ಮ ದ್ರಾವಿಡ್ ಕಪ್ ಹಿಡಿದು ಕೂಗಿದ ದಿನ. ಆ ದಿನ ಎಡಿಸನ್‌ನ ಗೆಳೆಯರ ಮನೆಯಲ್ಲಿ ಸ್ವಿಟ್ಜರ್‌ಲೆಂಡ್-ಇಟಲಿ ಪಂದ್ಯಕ್ಕೆ ಚಾನೆಲ್ ಬದಲಿಸಿ ಅಂತ ಕೇಳುವ ಧೈರ್ಯ ನನಗಂತೂ ಇರಲಿಲ್ಲ.)

ಟೂರ್ನಿಯ ರಚನೆಯಲ್ಲಿ ಮಾತ್ರ ಕೋಪಾಗೆ ಸ್ವಲ್ಪ ಅಂಕ ಕೊಡಬೇಕು. 16 ತಂಡ, ಗುಂಪಿನಿಂದ ಇಬ್ಬರು ಮುಂದೆ, ಲೆಕ್ಕ ಮುಗಿಯಿತು. ಆತಿಥೇಯ ಅಮೆರಿಕವೇ ಪನಾಮಾ, ಉರುಗ್ವೆ ಎರಡಕ್ಕೂ ಸೋತು ಮನೆಗೆ ಹೋಯಿತು. ಯೂರೋದಲ್ಲಿ 24 ತಂಡ, 36 ಪಂದ್ಯ ಆಡಿಸಿ ಮನೆಗೆ ಕಳಿಸುವುದು ಎಂಟೇ ತಂಡವನ್ನು. ಇದರಿಂದ ಎಂಥ ವಿಚಿತ್ರ ಆಯಿತು ನೋಡಿ: ಸ್ಕಾಟ್ಲೆಂಡ್ ವಿರುದ್ಧ 100ನೇ ನಿಮಿಷದಲ್ಲಿ ಗೋಲು ಹೊಡೆದು ಗೆದ್ದ ಹಂಗೆರಿ ಹೊರಗೆ, ಮೂರೂ ಪಂದ್ಯ ಡ್ರಾ ಮಾಡಿಕೊಂಡ ಸ್ಲೊವೇನಿಯಾ ಒಳಗೆ. ನಾಲ್ಕು ಅಂಕ ಇದ್ದ ಉಕ್ರೇನ್ ತನ್ನ ಗುಂಪಿನಲ್ಲಿ ಕೊನೆ ಸ್ಥಾನ! ಫ್ರಾನ್ಸ್ ಅಂತೂ ಒಂದು ಪೆನಾಲ್ಟಿ ಮತ್ತು ಎದುರಾಳಿಗಳೇ ತಮ್ಮ ಬಲೆಗೆ ಹಾಕಿಕೊಂಡ ಎರಡು ಗೋಲುಗಳ ಮೇಲೆ ಸೆಮಿಫೈನಲ್‌ವರೆಗೆ ತೆವಳಿತು.

ಆದರೆ ನಾಕೌಟ್ ಶುರುವಾದ ಮೇಲೆ ಆ ಅಂಕವನ್ನೂ ಕೋಪಾ ಕಳೆದುಕೊಂಡಿತು. ಅಲ್ಲಿ ಫೈನಲ್ ಬಿಟ್ಟು ಬೇರೆ ಯಾವ ಪಂದ್ಯಕ್ಕೂ ಎಕ್ಸ್‌ಟ್ರಾ ಟೈಮ್ ಇಲ್ಲ, 90 ನಿಮಿಷ ಮುಗಿದರೆ ನೇರ ಪೆನಾಲ್ಟಿ. ಸೆಕೆಯಲ್ಲಿ ಆಟಗಾರರಿಗೆ ಒಳ್ಳೆಯದೇ ಇರಬಹುದು, ನೋಡುವವರ ಪಾಡು ಬೇರೆ. ಕ್ವಾರ್ಟರ್‌ಫೈನಲ್ ನಾಲ್ಕರಲ್ಲಿ ಮೂರು ಪೆನಾಲ್ಟಿಗೆ ಹೋದವು. ಲಾಸ್ ವೇಗಸ್‌ನಲ್ಲಿ ಬ್ರೆಜಿಲ್-ಉರುಗ್ವೆ ಪಂದ್ಯದಲ್ಲಿ 41 ಫೌಲ್, ಗೋಲು ಸೊನ್ನೆ. 74ನೇ ನಿಮಿಷದಲ್ಲಿ ರೆಡ್ ಕಾರ್ಡ್ ಬಿದ್ದು ಹತ್ತೇ ಜನ ಉಳಿದಾಗ ಉರುಗ್ವೆಗೆ ಇನ್ನು ಹದಿನಾರು ನಿಮಿಷ ತಳ್ಳಿದರೆ ಸಾಕಿತ್ತು, ತಳ್ಳಿತು, ಗೆದ್ದಿತು. ಎಕ್ಸ್‌ಟ್ರಾ ಟೈಮ್ ಇದ್ದಿದ್ದರೆ ಹತ್ತು ಜನರಲ್ಲಿ ಇನ್ನರ್ಧ ಗಂಟೆ ಓಡಬೇಕಾಗುತ್ತಿತ್ತು. ಹಲಸೂರಿನ ಹತ್ತಿರ ಗೌತಮಪುರದಲ್ಲಿ ಪೆಲೆಯ ಪ್ರತಿಮೆ ನಿಲ್ಲಿಸಿಕೊಂಡಿರುವ ಬ್ರೆಜಿಲ್ ಭಕ್ತರಿಗೆ ಅವತ್ತಿನ ಬೆಳಿಗ್ಗೆ ಹೇಗಿತ್ತೋ. ಯೂರೋದಲ್ಲಿ ಇದಕ್ಕೆ ಹಿಂದಿನ ದಿನ ಸ್ಟುಟ್‌ಗಾರ್ಟ್‌ನಲ್ಲಿ ಸ್ಪೇನ್ ಮತ್ತು ಜರ್ಮನಿ. 89ನೇ ನಿಮಿಷದಲ್ಲಿ ಜರ್ಮನಿಯ ವಿರ್ಟ್ಸ್ ಸಮ ಮಾಡಿದ, ಸ್ಪೇನ್‌ನ ಕುಕುರೆಯಾ ಕೈಗೆ ಚೆಂಡು ತಗುಲಿದರೂ ರೆಫರಿ ಪೆನಾಲ್ಟಿ ಕೊಡಲಿಲ್ಲ, 119ನೇ ನಿಮಿಷದಲ್ಲಿ ಮೆರಿನೊ ಹೆಡರ್, ಸ್ಪೇನ್ ಗೆದ್ದಿತು. ಜರ್ಮನಿಯ ಟೋನಿ ಕ್ರೋಸ್‌ನ ಕೊನೆಯ ಪಂದ್ಯ ಹಾಗೆ ಮುಗಿಯಿತು. ಕೋಪಾ ನಿಯಮ ಇದ್ದಿದ್ದರೆ ಆ ಅರ್ಧ ಗಂಟೆಯೇ ಇರುತ್ತಿರಲಿಲ್ಲ.

ಇನ್ನು ಬೈಗುಳ ಸಾಕು. ನಾನಿರುವ ನ್ಯೂಜೆರ್ಸಿಯ ವಿಶೇಷ ಏನೆಂದರೆ ಇಲ್ಲಿ ಎರಡೂ ಟೂರ್ನಿಯ ಜನ ಪಕ್ಕಪಕ್ಕದಲ್ಲಿದ್ದಾರೆ. ನ್ಯೂಆರ್ಕ್‌ನ ಐರನ್‌ಬೌಂಡ್‌ನಲ್ಲಿ ಪೋರ್ಚುಗೀಸರು ಮತ್ತು ಬ್ರೆಜಿಲಿಯನ್ನರು, ಅಲ್ಲೇ ಮುಂದೆ ಎಲಿಜಬೆತ್‌ನಲ್ಲಿ ಕೊಲಂಬಿಯಾದವರು. ಜುಲೈ 1, ಸೋಮವಾರ ಮಧ್ಯಾಹ್ನ 3ಕ್ಕೆ ಪೋರ್ಚುಗಲ್-ಸ್ಲೊವೇನಿಯಾ. ಫೆರಿ ಸ್ಟ್ರೀಟಿನ ಒಂದು ಕೆಫೆಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿಕೊಂಡು ಕೂತಿದ್ದೆ, ಕೆಲಸ ಮಾಡುವವನ ಹಾಗೆ. ಸುತ್ತ ಎಲ್ಲ ವಯಸ್ಸಾದವರು, ಕೈಯಲ್ಲಿ ಸಣ್ಣ ಕಾಫಿ ಲೋಟ. ಎಕ್ಸ್‌ಟ್ರಾ ಟೈಮ್‌ನಲ್ಲಿ ರೊನಾಲ್ಡೊ ಹೊಡೆದ ಪೆನಾಲ್ಟಿಯನ್ನು ಸ್ಲೊವೇನಿಯಾದ ಕೀಪರ್ ಓಬ್ಲಾಕ್ ತಡೆದ. ರೊನಾಲ್ಡೊ ಅತ್ತ. ಕೆಫೆಯಲ್ಲಿ ಅರ್ಧ ಜನ ಅವನನ್ನು ಬೈಯುತ್ತಿದ್ದರು, ಇನ್ನರ್ಧ ಜನ ಬೈದವರನ್ನು ಬೈಯುತ್ತಿದ್ದರು. ಆಮೇಲೆ ಶೂಟೌಟ್‌ನಲ್ಲಿ ಪೋರ್ಚುಗಲ್ ಕೀಪರ್ ದಿಯೋಗೊ ಕೋಸ್ಟಾ ಮೂರಕ್ಕೆ ಮೂರು ಪೆನಾಲ್ಟಿ ತಡೆದಾಗ ಎರಡು ಬಣವೂ ಒಂದಾಯಿತು, ನನಗೂ ಯಾರೋ ಬೆನ್ನಿಗೆ ಹೊಡೆದರು. ಲ್ಯಾಪ್‌ಟಾಪಿನಲ್ಲಿ ಮೇಲಿಂದ ಮೇಲೆ ಮೆಸೇಜ್ ಬರುತ್ತಿತ್ತು, ನೋಡಲಿಲ್ಲ.

ಜುಲೈ 10ಕ್ಕೆ ಎಲಿಜಬೆತ್. ಕೊಲಂಬಿಯಾ-ಉರುಗ್ವೆ ಸೆಮಿಫೈನಲ್. ಬೇಕರಿಯೊಂದರ ಮುಂದೆ ಫುಟ್‌ಪಾತ್‌ಗೇ ಟಿವಿ ತಂದಿಟ್ಟಿದ್ದರು, ಹಳದಿ ಅಂಗಿ ಹಾಕದವನು ನಾನೊಬ್ಬನೇ ಇರಬೇಕು. ಕೊಲಂಬಿಯಾದ ಹಾಮೆಸ್ ರೊಡ್ರಿಗೆಸ್ ಕಾರ್ನರ್ ಎತ್ತಿದ, ಲೆರ್ಮಾ ತಲೆ ಕೊಟ್ಟ, ಬೀದಿ ಎದ್ದು ನಿಂತಿತು. ಮೊದಲರ್ಧ ಮುಗಿಯುವಷ್ಟರಲ್ಲಿ ಮುನ್ಯೋಸ್‌ಗೆ ರೆಡ್ ಕಾರ್ಡ್. ಇಡೀ ಎರಡನೇ ಅರ್ಧ ಹತ್ತೇ ಜನ ಆ ಮುನ್ನಡೆ ಕಾದು ಗೆದ್ದರು. ಆಟವಾಗಿ ನೋಡಿದರೆ ಅದೂ ಫೌಲು, ನೂಕಾಟ, ಕೊನೆಗೆ ಗ್ಯಾಲರಿಯಲ್ಲಿ ಹೊಡೆದಾಟ, ಉರುಗ್ವೆಯ ನುನೆಸ್ ತಾನೇ ಅಭಿಮಾನಿಗಳ ಮಧ್ಯೆ ನುಗ್ಗಿದ್ದು, ಎಲ್ಲ ಇತ್ತು. ಆದರೆ ನನ್ನ ಪಕ್ಕದಲ್ಲಿದ್ದ ಹೆಂಗಸು ಪಂದ್ಯ ಪೂರ್ತಿ ಊರಿನಲ್ಲಿರುವ ಅಮ್ಮನನ್ನು ವಿಡಿಯೊ ಕಾಲ್‌ನಲ್ಲಿ ಹಿಡಿದುಕೊಂಡೇ ನೋಡಿದಳು, ಟಿವಿ ಕಡೆಗೆ ಫೋನ್ ತಿರುಗಿಸಿ. ಪರದೇಶದಲ್ಲಿ ಕೂತು ಊರಿನ ಆಟ ನೋಡುವುದು ಹೇಗಿರುತ್ತದೆ ಅಂತ ನಮಗೆ ಬೇರೆಯವರು ಹೇಳಬೇಕಾಗಿಲ್ಲ. ಇವರಿಗೆ ಮಾತ್ರ ಆ ಬೇಸಿಗೆಯಲ್ಲಿ ಊರಿನ ತಂಡವೇ ತಾವಿದ್ದ ದೇಶಕ್ಕೆ ಬಂದಿತ್ತು. ಟಿಕೆಟ್ ದರ ನೋಡಿದರೆ ಹೆಚ್ಚಿನವರು ಸ್ಟೇಡಿಯಂ ಬಾಗಿಲಿಗೂ ಹೋಗಲಾರರು, ಅದು ಬೇರೆ ಮಾತು.

ಯೂರೋದಲ್ಲಿ ಇದು ಇರಲಿಲ್ಲ ಅಂತಲ್ಲ. ಜರ್ಮನಿಯಲ್ಲಿ ಟರ್ಕಿ ಆಡಿದ್ದೆಲ್ಲ ಸ್ವಂತ ಊರಿನ ಪಂದ್ಯದ ಹಾಗೇ ಇತ್ತು. ಆದರೆ ಅಲ್ಲಿ ಊರಿನವರು, ಬಂದವರು ಎಲ್ಲ ಸೇರಿ ಮಾಡಿದ ಹಬ್ಬ. ಇಲ್ಲಿ ಅಮೆರಿಕದ ಹೆಚ್ಚಿನವರಿಗೆ ಇಂಥದ್ದೊಂದು ನಡೆಯುತ್ತಿದೆ ಅಂತಲೇ ಗೊತ್ತಿರಲಿಲ್ಲ. ಜೂನ್ 25ರ ರಾತ್ರಿ 9ಕ್ಕೆ ಇಲ್ಲೇ ನ್ಯೂಜೆರ್ಸಿಯ ಮೆಟ್‌ಲೈಫ್ ಸ್ಟೇಡಿಯಂನಲ್ಲಿ ಅರ್ಜೆಂಟೀನಾ-ಚಿಲಿ, 80 ಸಾವಿರಕ್ಕೂ ಹೆಚ್ಚು ಜನ, ಮಧ್ಯೆ ಮಧ್ಯೆ ಮೆಸ್ಸಿ ಅಂಗಿ ತೊಟ್ಟ ಮಲಯಾಳಿಗಳು, ಬಂಗಾಳಿಗಳು. ಚಿಲಿಯ ಕೀಪರ್, 41 ವರ್ಷದ ಬ್ರಾವೊ ಒಂದಾದ ಮೇಲೊಂದು ತಡೆಯುತ್ತಲೇ ಇದ್ದ, 88ನೇ ನಿಮಿಷದಲ್ಲಿ ಅರ್ಜೆಂಟೀನಾದ ಲೌಟಾರೊ ಮಾರ್ಟಿನೆಜ್ ಗೋಲು ಹೊಡೆದ. ಮರುದಿನ ಆಫೀಸಿನಲ್ಲಿ ಹೇಳಿದರೆ ಅಷ್ಟು ಹತ್ತಿರ ನಡೆದದ್ದು ಯಾರಿಗೂ ಗೊತ್ತೇ ಇಲ್ಲ.

ಜುಲೈ 14, ಭಾನುವಾರ. ಮಧ್ಯಾಹ್ನ 3ಕ್ಕೆ ಬರ್ಲಿನ್‌ನಲ್ಲಿ ಸ್ಪೇನ್-ಇಂಗ್ಲೆಂಡ್ ಫೈನಲ್, ಸರಿಯಾದ ಸಮಯಕ್ಕೆ ಶುರು. ಹಿಂದಿನ ದಿನವಷ್ಟೇ 17 ತುಂಬಿದ ಸ್ಪೇನ್‌ನ ಲಮೀನ್ ಯಮಾಲ್ ಪಾಸ್ ಕೊಟ್ಟ, ನಿಕೊ ವಿಲಿಯಮ್ಸ್ ಹೊಡೆದ. ಇಂಗ್ಲೆಂಡ್‌ನ ಪಾಮರ್ ಸಮ ಮಾಡಿದ. 86ನೇ ನಿಮಿಷದಲ್ಲಿ ಓಯಾರ್ಸಾಬಾಲ್, ಸ್ಪೇನ್ 2-1. ಏಳಕ್ಕೆ ಏಳೂ ಗೆದ್ದು, ದಾರಿಯಲ್ಲಿ ಇಟಲಿ, ಜರ್ಮನಿ, ಫ್ರಾನ್ಸ್, ಇಂಗ್ಲೆಂಡ್ ಎಲ್ಲರನ್ನೂ ಸೋಲಿಸಿದ ತಂಡದ ಬಗ್ಗೆ ಜಗಳವಾಡುವುದಕ್ಕೆ ಏನೂ ಇಲ್ಲ. ರಾತ್ರಿ 8ಕ್ಕೆ ಇರಬೇಕಿದ್ದ ಮಯಾಮಿಯ ಅರ್ಜೆಂಟೀನಾ-ಕೊಲಂಬಿಯಾ ಫೈನಲ್, ಟಿಕೆಟ್ ಇಲ್ಲದವರು ಗೇಟು ನುಗ್ಗಿ 82 ನಿಮಿಷ ತಡವಾಯಿತು. ಮಕ್ಕಳನ್ನು ಹೆಗಲ ಮೇಲೆ ಹೊತ್ತು ಉಸಿರು ಕಟ್ಟಿ ನಿಂತವರನ್ನು ನೋಡಿ ನಿಜಕ್ಕೂ ಭಯವಾಯಿತು. ಮಧ್ಯದಲ್ಲಿ ಶಕೀರಾ ಹಾಡಿಗೆ ವಿರಾಮವನ್ನೇ ಹಿಗ್ಗಿಸಿದರು. ಮೆಸ್ಸಿ ಕಾಲು ಊದಿಸಿಕೊಂಡು ಬೆಂಚಿನಲ್ಲಿ ಕೂತು ಅತ್ತ, 112ನೇ ನಿಮಿಷದಲ್ಲಿ ಮತ್ತೆ ಲೌಟಾರೊ, ಅರ್ಜೆಂಟೀನಾ 1-0. ಡಿ ಮರಿಯಾ ಕಪ್ ಹಿಡಿದೇ ರಾಷ್ಟ್ರೀಯ ತಂಡ ಬಿಟ್ಟ. ಟಿವಿ ಆರಿಸುವಾಗ ಮಧ್ಯರಾತ್ರಿ ದಾಟಿತ್ತು.

ಈಗ ಪೂರ್ತಿ ರಿಪ್ಲೇ ನೋಡುವಷ್ಟು ಪುರುಸೊತ್ತು ಯಾರಿಗಾದರೂ ಇದ್ದರೆ ನನ್ನ ಸಲಹೆ ಇಷ್ಟು. ಯೂರೋದಲ್ಲಿ ಡಾರ್ಟ್‌ಮುಂಡ್‌ನ ಟರ್ಕಿ-ಜಾರ್ಜಿಯಾ ಮೊದಲು, ಆಮೇಲೆ ಸ್ಪೇನ್-ಜರ್ಮನಿ, ಆಮೇಲೆ ಪೋರ್ಚುಗಲ್‌ಗೆ 2-0 ಹೊಡೆದ ಅದೇ ಜಾರ್ಜಿಯಾ. ಇಂಗ್ಲೆಂಡ್‌ನ ಲೀಗ್ ಪಂದ್ಯಗಳನ್ನು ನಿದ್ದೆ ಬಾರದ ರಾತ್ರಿಗೆ ಇಟ್ಟುಕೊಳ್ಳಿ. ಕೋಪಾದಲ್ಲಿ ಕೊಲಂಬಿಯಾ ಪನಾಮಾಗೆ 5-0 ಹೊಡೆದದ್ದು ನೋಡಿ, ಹಾಮೆಸ್‌ಗೋಸ್ಕರ. ಬ್ರೆಜಿಲ್-ಉರುಗ್ವೆ ಮಾತ್ರ ಬೇಡ, ದುಡ್ಡು ಕೊಡುತ್ತೇನೆ ಅಂದರೂ ಬೇಡ.