ಮೂರು ಕೋವಿಯಲ್ಲಿ ಎರಡು ಉಳಿದವು: ಕಾಫಿ ತೋಟದವನ ಹದಿನಾಲ್ಕು ವರ್ಷದ ಅನುಭವ

ಅಪ್ಪನ ಲೈಸೆನ್ಸ್ ನನ್ನ ಹೆಸರಿಗೆ ಆಗಿದ್ದು 2011ರಲ್ಲಿ. ಜೊತೆಗೆ ಬಂದಿದ್ದು ಮೂರು. ಜೋಡು ನಳಿಗೆಯ 12 ಬೋರ್ ಚರೆ ಕೋವಿ (ಬೋರ್ ಅಂದರೆ ನಳಿಗೆಯ ಒಳ ಅಳತೆ, ಚರೆ ಅಂದರೆ ಒಂದೇ ಈಡಿಗೆ ಚದುರಿ ಹೋಗುವ ಸಣ್ಣ ಗುಂಡುಗಳು), ಇಶಾಪುರ ಕಾರ್ಖಾನೆಯ .315 ಇಂಚಿನ ರೈಫಲ್, ಮತ್ತೆ ಜೆಕ್ ದೇಶದ ಹಳೇ ಬ್ರನೋ .22. ನಮ್ಮದು ಮೂಡಿಗೆರೆಯಿಂದ ಸಕಲೇಶಪುರದ ಕಡೆ ಹೋಗುವ ದಾರಿಯಲ್ಲಿ ಒಳಗೆ ಸಿಗುವ ತೋಟ. ಹಿಂದೆ ಕಾಡು, ಮುಂದೆ ಗದ್ದೆ, ನಡುವೆ ಕಾಫಿ.

2019ರ ಡಿಸೆಂಬರಿನಲ್ಲಿ ಆಯುಧ ಕಾಯ್ದೆಗೆ ತಿದ್ದುಪಡಿ ಬಂತು. ಒಬ್ಬರ ಹತ್ತಿರ ಮೂರು ಇರಬಹುದಾಗಿದ್ದು ಎರಡಕ್ಕೆ ಇಳಿಯಿತು. ಹೆಚ್ಚಿಗೆ ಇರೋದನ್ನು ಒಪ್ಪಿಸೋಕೆ ಒಂದು ವರ್ಷ ಟೈಮು. ಯಾವುದನ್ನು ಕೊಡೋದು ಅಂತ ಮನೆಯಲ್ಲಿ ತಿಂಗಳುಗಟ್ಟಲೆ ಜಗಳ. ದೊಡ್ಡಪ್ಪ ಅಂತೂ, "ಲೋ, ರೈಫಲ್ ಕೊಟ್ಟು ಚರೆ ಕೋವಿ ಇಟ್ಕೋತೀಯಲ್ಲೋ, ನಿಮ್ಮಪ್ಪ ಇದ್ದಿದ್ರೆ ಬೈತಿದ್ದ" ಅಂತ ವಾರಕ್ಕೊಂದು ಸಲ ಫೋನ್ ಮಾಡುತ್ತಿದ್ದರು.

ಅವರ ತಲೆಯಲ್ಲಿ ಇರೋದು ಪರ್ಮಿಟ್ ತಗೊಂಡು ಶಿಕಾರಿಗೆ ಹೋಗುತ್ತಿದ್ದ ಕಾಲ. ಕಾಟಿಗೆ, ಅಂದರೆ ಕಾಡುಕೋಣಕ್ಕೆ, .375ರಂಥ ದೊಡ್ಡ ರೈಫಲ್. ಕಡವೆಗೆ .315 ಸಾಕು. ಹಂದಿ ಹತ್ತಿರದಲ್ಲಿ ಸಿಕ್ಕರೆ 12 ಬೋರಿನ ಎಲ್‌ಜಿ ಅನ್ನೋ ದಪ್ಪ ಚರೆ, ಕಾಡುಕೋಳಿ ಮೊಲಕ್ಕೆ ನಾಲ್ಕನೇ ನಂಬರ್ ಇಲ್ಲಾ ಆರನೇ ನಂಬರಿನ ಸಣ್ಣ ಚರೆ. ಲೆಕ್ಕ ತಪ್ಪೇನಲ್ಲ. ಆನೆಯಂಥ ದೊಡ್ಡ ಪ್ರಾಣಿಗೆ .375ಕ್ಕಿಂತ ಚಿಕ್ಕ ಬೋರ್ ಕೂಡದು ಅಂತ ಆಫ್ರಿಕಾದ ಕೆಲವು ದೇಶಗಳಲ್ಲಿ ಈಗಲೂ ನಿಯಮ ಇದೆ. ಆದರೆ ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಆ ಪಟ್ಟಿ ಬರೀ ಕಥೆ ಹೇಳೋಕೆ. ಈಗ ಗದ್ದೆಗೆ ನುಗ್ಗಿದ ಹಂದಿಯನ್ನು ಹೊಡೆಯೋಕೂ ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು. ಯಾವ ಪ್ರಾಣಿಗೆ ಯಾವ ಕೋವಿ ಅಂತ ನನ್ನನ್ನು ಕೇಳುವ ಹುಡುಗರಿಗೆ ನಾನು ಹೇಳೋದು, ನಿನ್ನ ತೋಟದ ಆಚೆ ಏನಿದೆ ಅದನ್ನು ಮೊದಲು ನೋಡು ಅಂತ.

ನಮ್ಮ ತೋಟದ ಆಚೆ ಕೆಲಸದವರ ಲೈನ್ ಮನೆಗಳಿವೆ. .315ರ ಗುಂಡು ಸುಮಾರು ಹದಿನಾರು ಗ್ರಾಂ. ಗುರಿ ತಪ್ಪಿದರೆ ಕಿಲೋಮೀಟರ್‌ಗಟ್ಟಲೆ ಹೋಗುತ್ತೆ. ಇಳಿಜಾರಿನ ಜಾಗ, ಬೆಳಗಿನ ಮಂಜು, ಗಿಡದ ಕೆಳಗೆ ಹಣ್ಣು ಕೊಯ್ಯುತ್ತಾ ಬಗ್ಗಿರುವ ಹೆಂಗಸರು. ಇಂಥಲ್ಲಿ ರೈಫಲ್ ಎತ್ತೋಕೆ ನನಗೆ ಧೈರ್ಯ ಬರಲೇ ಇಲ್ಲ. ಕೋವಿ ಒಳ್ಳೇದೇ. ಮಿಲಿಟರಿಯ ಲೀ ಎನ್‌ಫೀಲ್ಡ್ ಥರದ್ದೇ ಬೋಲ್ಟ್, ಒಂದು ದಿನವೂ ಸಿಕ್ಕಿಹಾಕಿಕೊಂಡಿಲ್ಲ. .315 ಅನ್ನೋ ಅಳತೆ ಬಂದ ಕಾರಣವೂ ಮಜವಾಗಿದೆ. ಸೈನಿಕರ .303 ತೋಟೆ (ಗುಂಡು, ಮದ್ದು ಎರಡೂ ತುಂಬಿದ ಕೊಳವೆ) ಜನರ ಕೈಗೆ ಸಿಕ್ಕರೂ ಪ್ರಯೋಜನಕ್ಕೆ ಬರಬಾರದು ಅಂತ ಬ್ರಿಟಿಷರ ಕಾಲದಲ್ಲಿ ಸಾಮಾನ್ಯರಿಗೆ ಬೇರೆ ಬೋರ್ ಇಟ್ಟರು. ಒಂಬತ್ತು ವರ್ಷದಲ್ಲಿ ನಾನು ಅದರಲ್ಲಿ ಹೊಡೆದಿದ್ದು ಹತ್ತು ತೋಟೆ ಇರಬಹುದು, ಎಲ್ಲಾ ರೇಂಜ್‌ನಲ್ಲೇ. 2020ರಲ್ಲಿ ಅದನ್ನು ಲೈಸೆನ್ಸ್ ಇರುವ ಅಂಗಡಿಗೆ ಕೊಟ್ಟುಬಿಟ್ಟೆ. ದೊಡ್ಡಪ್ಪ ಎರಡು ತಿಂಗಳು ಮಾತು ಬಿಟ್ಟರು.

.22 ಉಳಿದಿದ್ದು ಮಗಳಿಂದ. ಎನ್‌ಸಿಸಿಯಲ್ಲಿ .22 ಹೊಡೆದು ರುಚಿ ಹತ್ತಿದೆ ಅವಳಿಗೆ. ಕೋವಿ ಹಗುರ, ಭುಜಕ್ಕೆ ಒದೆತ ಇಲ್ಲವೇ ಇಲ್ಲ ಅನ್ನಬಹುದು. ರೇಂಜ್‌ನಲ್ಲಿ 50 ಮೀಟರಿಗೆ ಕಾಗದದ ಗುರಿಯಲ್ಲಿ ಅವಳ ಐದು ಗುಂಡು ಒಂದು ರೂಪಾಯಿ ನಾಣ್ಯದ ಸುತ್ತಮುತ್ತ ಬೀಳುತ್ತವೆ, ನನ್ನವು ಊಟದ ತಟ್ಟೆಯಷ್ಟು ಅಗಲಕ್ಕೆ. ಚಿಕ್ಕದು ಅಂತ ಸದರ ಮಾತ್ರ ಬೇಡ. ತೋಟೆಯ ಡಬ್ಬಿಯ ಮೇಲೇ ಒಂದೂವರೆ ಮೈಲಿ ತನಕ ಅಪಾಯ ಅಂತ ಬರೆದಿರುತ್ತೆ. ವಿದೇಶಿ ಕೋವಿಗಳು ಮೊದಲಿನ ಹಾಗೆ ಬರುತ್ತಿಲ್ಲವಾದ್ದರಿಂದ ಬಿಡಿಭಾಗ ಸಿಗೋದು ಕಷ್ಟ. ಮ್ಯಾಗಜಿನ್ ಕಳೆದುಕೊಂಡರೆ ಮುಗೀತು.

ಇನ್ನು ಜೋಡು ನಳಿಗೆ. ನಿಜವಾಗಿ ಕೈಯಲ್ಲಿ ಓಡಾಡಿದ್ದು ಇದೊಂದೇ. ನಯವಾದ ನಳಿಗೆ, ಇಪ್ಪತ್ತು ಇಂಚಿಗಿಂತ ಉದ್ದ ಇದ್ದರೆ ಲೈಸೆನ್ಸ್ ವಿಷಯದಲ್ಲೂ ಕಾಯ್ದೆ ಸ್ವಲ್ಪ ಮೆದು. ಆರನೇ ನಂಬರ್ ಚರೆ ಇನ್ನೂರು ಮೀಟರ್ ಆಸುಪಾಸಿನಲ್ಲಿ ನೆಲಕ್ಕೆ ಬೀಳುತ್ತೆ. ಎಲ್‌ಜಿ ಹಾಗಲ್ಲ, ಒಂದೊಂದು ಚರೆ 9 ಮಿಲಿಮೀಟರ್ ದಪ್ಪ, ಆರೇಳು ನೂರು ಮೀಟರ್ ಹೋಗುತ್ತೆ. ಅದಕ್ಕೇ ಮನೆಯಲ್ಲಿ ಎಲ್‌ಜಿ ಇಡೋದೇ ಬಿಟ್ಟಿದ್ದೇನೆ. ಮುಂದಿನ ಟ್ರಿಗರ್ ಬಲ ನಳಿಗೆಗೆ, ಹಿಂದಿನದು ಎಡಕ್ಕೆ. ಎಡ ನಳಿಗೆಯ ಬಾಯಿ ಸ್ವಲ್ಪ ಬಿಗಿ, ಅದಕ್ಕೆ ಚರೆ ದೂರದವರೆಗೂ ಗುಂಪಾಗಿ ಹೋಗುತ್ತೆ. ನಲವತ್ತು ಗಜ ದಾಟಿದ ಮೇಲೆ ಎರಡರ ಮೇಲೂ ನಂಬಿಕೆ ಬೇಡ. ಒಂದು ಸಲ ಒದ್ದೆ ಕೈಯಲ್ಲಿ ಬೆರಳು ಜಾರಿ ಎರಡೂ ಒಟ್ಟಿಗೆ ಹಾರಿದವು. ಎಂಟು ದಿನ ಬಲಗೈಯಲ್ಲಿ ಅನ್ನ ಕಲಸೋಕೂ ಆಗಲಿಲ್ಲ.

2014ರ ಜುಲೈ. ಗದ್ದೆಗೆ ಹಂದಿ ಹಿಂಡು ಬಂದಿತ್ತು. ಹೆದರಿಸೋಣ ಅಂತ ಆಕಾಶಕ್ಕೆ ಎತ್ತಿ ಎಳೆದೆ. ಟಕ್. ಅಷ್ಟೇ. ಈಡು ಹಾರಲಿಲ್ಲ. ಇಂಥ ಹೊತ್ತಲ್ಲಿ ಕೋವಿ ತಕ್ಷಣ ಮುರಿದು, ಅಂದರೆ ನಳಿಗೆ ಬಾಗಿಸಿ ತೆರೆದು, ನೋಡಬೇಡಿ, ನಳಿಗೆ ಮೇಲಕ್ಕೇ ಇರಲಿ, ಅರ್ಧ ನಿಮಿಷ ಕಾಯಿರಿ. ಮದ್ದು ತಡವಾಗಿ ಹತ್ತಿಕೊಳ್ಳೋದೂ ಉಂಟು. ಕಾದು ತೆಗೆದೆ. ಕಾಗದದ ತೋಟೆ, ಮೂರು ಮಳೆಗಾಲ ಕಂಡಿದ್ದು, ಉಬ್ಬಿ ಹೊರಗೆ ಬರೋಕೂ ಹಟ ಮಾಡಿತು. ಮದ್ದಿಗೆ ಕಿಡಿ ಕೊಡುವ ಕೇಪಿನ ಮೇಲೆ ಅದನ್ನು ಬಡಿಯುವ ಪಿನ್ನಿನ ಗುರುತೂ ತೆಳ್ಳಗಿತ್ತು. ರಿಪೇರಿಯವರು ಸ್ಪ್ರಿಂಗ್ ಸತ್ತಿದೆ ಅಂದರು, ಬದಲಾಯಿಸಿದರು. ಆಮೇಲಿಂದ ಪ್ಲಾಸ್ಟಿಕ್ ತೋಟೆ ಮಾತ್ರ, ಅದೂ ಬೇಕಾದಷ್ಟೇ. ಹಂದಿ ಹಿಂಡು ಆ ರಾತ್ರಿ ಅರ್ಧ ಎಕರೆ ಮುಗಿಸಿ ನಿಧಾನವಾಗಿ ಹೋಯಿತು.

ಆನೆ ವಿಷಯ ಬೇರೆ. ಮೊದಲೆಲ್ಲಾ ಒಂದು ಈಡಿಗೆ ಓಡುತ್ತಿದ್ದವು. ಈಗ ಕಿವಿ ಅಲ್ಲಾಡಿಸಿ ಹಲಸಿನಹಣ್ಣು ತಿನ್ನುತ್ತಾ ನಿಲ್ಲುತ್ತವೆ. ಅದಕ್ಕೆ ಕೋವಿ ತೆಗೆಯೋದೇ ಇಲ್ಲ, ಅರಣ್ಯದವರಿಗೆ ಫೋನ್ ಮಾಡುತ್ತೇನೆ. ಚರೆ ತಗುಲಿದ ಆನೆ ಮುಂದೆ ಯಾರ ಮೇಲಾದರೂ ಸೇಡು ತೀರಿಸಿಕೊಳ್ಳಬಹುದು.

ನಮ್ಮ ಕಡೆ ಕೋವಿಯ ದೊಡ್ಡ ಶತ್ರು ಮಳೆ. ಅಪ್ಪ ಒಲೆಯ ಮೇಲಿನ ಅಟ್ಟದ ಹತ್ತಿರ ತೂಗು ಹಾಕುತ್ತಿದ್ದರು, ಹೊಗೆ ಕುಡಿದು ಕಪ್ಪಗಾದರೂ ತುಕ್ಕು ಇರಲಿಲ್ಲ. ನಾನು ಶೋಕಿಗೆ ಚರ್ಮದ ಚೀಲದಲ್ಲಿ ಇಟ್ಟೆ. ಆಗಸ್ಟಿನಲ್ಲಿ ತೆಗೆದಾಗ ನಳಿಗೆ ಮೇಲೆ ಕೆಂಪು ಮೀಸೆ! ಚರ್ಮ ತೇವ ಹಿಡಿದಿಡುತ್ತೆ. ಈಗ ಎಣ್ಣೆ ಒರೆಸಿ, ಹತ್ತಿಬಟ್ಟೆ ಸುತ್ತಿ, ಬೀಗ ಹಾಕಿದ ಬೀರುವಿನಲ್ಲಿ ಒಂದು ಸಣ್ಣ ಬಲ್ಬು ಉರಿಸಿ ಇಡುತ್ತೇನೆ. ಆಯುಧಪೂಜೆಗೆ ಇಟ್ಟ ಕುಂಕುಮವನ್ನೂ ಸಂಜೆಯೇ ಒರೆಸಿಬಿಡಿ. ನನ್ನ ಕೋವಿಯ ಪಕ್ಕದ ತಗಡಿನ ಮೇಲೆ ಮೂರು ಬೊಟ್ಟಿನ ಗುರುತು ಇನ್ನೂ ಇದೆ.

ಮಳೆ ಬಿಟ್ಟರೆ ಚುನಾವಣೆ. ಪ್ರತಿ ಸಲ ಠಾಣೆಗೆ ಒಪ್ಪಿಸಬೇಕು. 2018ರಲ್ಲಿ ವಾಪಸ್ ಕೊಟ್ಟಾಗ ಹಿಡಿಯ ಮರದಲ್ಲಿ ಒಂದು ಚಕ್ಕೆ ಇರಲಿಲ್ಲ. ಕೇಳಿದರೆ, "ಹಾಗೇ ಇತ್ತಲ್ಲ ಸಾರ್" ಅಂದರು. 2023, 2024ರಲ್ಲಿ ನಾಲ್ಕೂ ಕಡೆಯಿಂದ ಫೋಟೋ ತೆಗೆದು, ನಂಬರ್ ಬರೆಸಿದ ರಸೀದಿ ಇಸ್ಕೊಂಡೇ ಬಂದೆ. ಲೈಸೆನ್ಸ್ ಅವಧಿ ಮೂರರಿಂದ ಐದು ವರ್ಷ ಆಗಿರೋದು ಮಾತ್ರ ದೊಡ್ಡ ಉಪಕಾರ.

ಹಳೇ 12 ಬೋರ್ ಕೊಳ್ಳುವವರು ಎರಡು ನೋಡಿ. ಹಳೇ ಇಂಗ್ಲಿಷ್ ಕೋವಿಗಳಲ್ಲಿ ತೋಟೆ ಕೂರುವ ಜಾಗ ಎರಡೂವರೆ ಇಂಚು, ಅಂದರೆ ಸುಮಾರು 65 ಮಿಲಿಮೀಟರ್, ಇರುತ್ತೆ, ಅದಕ್ಕೆ 70 ಮಿಲಿಮೀಟರ್ ತೋಟೆ ಹಾಕಬಾರದು. ಇನ್ನೊಂದು, ನಳಿಗೆ ಬಿಚ್ಚಿ ದಾರದಲ್ಲಿ ತೂಗುಬಿಟ್ಟು ಬೆರಳಿನ ಗೆಣ್ಣಿನಿಂದ ತಟ್ಟಿ. ಗಂಟೆಯ ಹಾಗೆ ಉದ್ದಕ್ಕೆ ಮೊಳಗಿದರೆ ನಡುವಿನ ಬೆಸುಗೆ ಗಟ್ಟಿ. ನನ್ನದು ಹೋದ ತಿಂಗಳು ತಟ್ಟಿದಾಗ ಕೊನೆಗೆ ಸ್ವಲ್ಪ ಜುಂಯ್ ಅಂತು. ಮಳೆ ನಿಂತ ಮೇಲೆ ಹಾಸನಕ್ಕೆ ಒಯ್ದು ತೋರಿಸಬೇಕು.